ತಡವಾಗಿ ಬಂದ ಬಾಣಂತನ

ಗರ್ಭಕೋಶ ತೆಗೆಸಿಕೊಂಡವಳಿಗೆ ಬಾಣಂತನ ಮಾಡುವ ಪದ್ಧತಿ ಬೇರೆ ಎಲ್ಲಾದರೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಭದ್ರಾವತಿಯ ನಮ್ಮ ಮನೆಯಲ್ಲಿ ಅದನ್ನು ಶುರು ಮಾಡಿದವರು ನನ್ನ ಅತ್ತೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿಕೊಂಡು ಬಂದ ನಾನು, ಒಂದು ಕೈಯನ್ನು ಹೊಟ್ಟೆಯ ಮೇಲೂ ಇನ್ನೊಂದನ್ನು ಗಂಡನ ಹೆಗಲ ಮೇಲೂ ಇಟ್ಟು ಕಾರಿನಿಂದ ಇಳಿಯಲು ಒದ್ದಾಡುತ್ತಿದ್ದಾಗ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಹಿತ್ತಲ ಬಚ್ಚಲಿಗೆ ಹೊಂದಿಕೊಂಡ ನಮ್ಮ ಹಂಡೆ ಒಲೆ ಹೊಗೆ ಕಂಡು ವರ್ಷಗಳೇ ಆಗಿದ್ದವು. ಬಚ್ಚಲಿಗೆ ಗೀಜರ್ ಬಂದ ಮೇಲೆ ಆ ತಾಮ್ರದ ಹಂಡೆಯೊಳಗೆ ಹಳೆಯ ಚಪ್ಪಲಿ, ಒಡೆದ ಮಗ್ಗು, ತುಕ್ಕು ಹಿಡಿದ ಕತ್ತಿ ಇಡುತ್ತಿದ್ದೆವು. ಅವನ್ನೆಲ್ಲ ಎಸೆದು, ಹಂಡೆಗೆ ಹುಣಸೆಹಣ್ಣು ತಿಕ್ಕಿ ಬೆಳಗಿ, ಆಯನೂರಿನ ನೆಂಟರಿಂದ ಒಂದು ಚೀಲ ಅಡಿಕೆ ಸಿಪ್ಪೆ ತರಿಸಿ ಅತ್ತೆ ಬೆಂಕಿ ಮಾಡಿದ್ದರು.

"ಇದೇನತ್ತೆ ಇದು?" ಎಂದೆ.

"ಇದೂ ಬಾಣಂತನವೇ ಕಣೆ. ಮಗು ಹೊರಗೆ ಬಂದ್ರೇನು, ಮಗು ಇದ್ದ ಚೀಲ ಹೊರಗೆ ಬಂದ್ರೇನು? ಹೊಟ್ಟೆ ಖಾಲಿ ಆದ್ಮೇಲೆ ಗಾಳಿ ಸೇರ್ಕೊಳ್ಳುತ್ತೆ. ಮೈಮೇಲೆ ಬಿಸಿನೀರು ಬೀಳ್ಬೇಕು."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆಯುವಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವರ ಮೇಲೆ ಸೀಮೆಸುಣ್ಣ ಎಸೆದು ಹೆಸರು ಕೆಡಿಸಿಕೊಂಡವಳು. ನನ್ನದೇ ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆದು, ತಿಂಗಳ ಮುಟ್ಟು ನಿಲ್ಲದೆ ಹರಿದು, ಸ್ಕೂಲಿನ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುವಂತಾದಾಗ ತೆಗೆಸಿಬಿಡುವುದೆಂದು ನಾನೇ ತೀರ್ಮಾನಿಸಿದೆ. ಅದಕ್ಕಾಗಿ ಅಳು ಬರಲಿಲ್ಲ. ತನ್ನ ಕೆಲಸ ಮುಗಿಸಿದೆ, ಹೋಗಲಿ ಎಂದುಕೊಂಡೆ. ಕಿಬ್ಬೊಟ್ಟೆಯಲ್ಲಿ ಅಡ್ಡಕ್ಕೆ ಒಂದು ಗಾಯ, ಅದರ ಮೇಲೊಂದು ಬಿಳಿಯ ಪಟ್ಟಿ. ಹೊಲಿಗೆ ಬಿಚ್ಚುವ ತನಕ ಪಟ್ಟಿಗೆ ನೀರು ತಾಗಬಾರದು ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ, ಅತ್ತೆಯೂ ಕೇಳಿಸಿಕೊಂಡಿದ್ದರು. ಅದಕ್ಕೆ ಅವರು ಒಂದು ಉಪಾಯವನ್ನೂ ಮಾಡಿಟ್ಟಿದ್ದರು.

ಆ ಉಪಾಯ ಹಾಲಿನ ಪ್ಯಾಕೆಟ್ಟು. ಖಾಲಿ ಪ್ಯಾಕೆಟ್ಟುಗಳನ್ನು ಸೀಳಿ, ತೊಳೆದು, ಬಟ್ಟೆ ಒಣಹಾಕುವ ತಂತಿಯ ಮೇಲೆ ಕ್ಲಿಪ್ ಹಾಕಿ ಒಣಗಿಸಿಟ್ಟಿದ್ದರು. ಅವನ್ನು ನನ್ನ ಪಟ್ಟಿಯ ಮೇಲೆ ಅಗಲವಾಗಿ ಹೊದಿಸಿ ಸುತ್ತಲೂ ಪ್ಲಾಸ್ಟರ್ ಅಂಟಿಸಿದರು.

"ಒಳಗಿರೋ ಹಾಲು ಹೊರಗೆ ಬರಲ್ಲ ಅಂದ್ಮೇಲೆ ಹೊರಗಿರೋ ನೀರು ಒಳಗೆ ಹೋಗುತ್ತಾ? ನೀನೇ ಹೇಳು, ಸೈನ್ಸ್ ಟೀಚರು."

ಸೈನ್ಸ್ ಟೀಚರಿಗೆ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ನಿಜ ಹೇಳಬೇಕೆಂದರೆ ಕಾಣುವ ಮನಸ್ಸಿರಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಆದರೆ ಆ ಬಿಸಿನೀರು ನನಗೆ ಬೇಕಾಗಿತ್ತು. ಬಹಳ ವರ್ಷಗಳಿಂದ ಬೇಕಾಗಿತ್ತು.

ಅದಕ್ಕೆ ಕಾರಣ ಹೇಳುತ್ತೇನೆ. ನನ್ನ ಮಗಳು ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ಅವಳು ಹುಟ್ಟುವ ಹೊತ್ತಿಗೆ ನನ್ನ ಅಮ್ಮ ಇರಲಿಲ್ಲ. ನಮ್ಮಲ್ಲಿ ಮೊದಲ ಬಾಣಂತನ ತವರಿನದು. ತವರಿನಲ್ಲಿ ಯಾರೂ ಇಲ್ಲದಿದ್ದರೆ ಅತ್ತೆ ಮನೆಯಲ್ಲಿ ಮಾಡುವುದೂ ಉಂಟು. ಆದರೆ ಅದೇ ತಿಂಗಳು ನನ್ನ ನಾದಿನಿಗೂ ಹೆರಿಗೆಯಾಗಿ ಅವಳು ಹೊಳಲೂರಿನಿಂದ ಭದ್ರಾವತಿಗೆ ಬಂದಳು. ಒಂದೇ ಸೂರಿನಡಿ ಇಬ್ಬರು ಬಾಣಂತಿಯರು ಇರಬಾರದು, ಒಬ್ಬಳಿಗೆ ಕೆಡುಕಾಗುತ್ತದೆ ಎಂಬ ನಂಬಿಕೆ. ಮಗಳನ್ನು ಇಟ್ಟುಕೊಳ್ಳಬೇಕೋ ಸೊಸೆಯನ್ನೋ ಎಂದರೆ ಯಾವ ತಾಯಿ ಏನು ಮಾಡುತ್ತಾಳೆ ಎಂಬುದು ಗೊತ್ತಿರುವ ವಿಷಯ. ನಾನು ಕೂಸನ್ನೆತ್ತಿಕೊಂಡು ಶಿವಮೊಗ್ಗದ ರವೀಂದ್ರನಗರದ ಅಪ್ಪನ ಮನೆಗೆ ಹೋದೆ.

ಅಲ್ಲಿ ಅಪ್ಪ ಒಬ್ಬರೇ. ಹೆಣ್ಣುಮಗಳ ಮೈಗೆ ನೀರು ಹಾಕಲು ಅವರಿಗಾಗುತ್ತದೆಯೇ? ಬೆಳಗಿನ ಜಾವ ಎದ್ದು ಅಲ್ಯೂಮಿನಿಯಂ ಬಕೆಟ್ಟಿನಲ್ಲಿ ಕರೆಂಟಿನ ಕಾಯಿಲ್ ಹಾಕಿ ನೀರು ಕಾಯಿಸಿ, ಬಚ್ಚಲ ಬಾಗಿಲ ಹೊರಗಿಟ್ಟು, "ನೀರಿದೆ ಪುಟ್ಟಿ" ಎಂದು ಕೂಗಿ, ತಾವು ಬೀದಿಗೆ ಹೋಗಿ ನಿಲ್ಲುತ್ತಿದ್ದರು. ಹಾಲಿನವನು, ಪೇಪರಿನವನು ಎಲ್ಲರ ಜೊತೆ ಏನಾದರೂ ಮಾತು ತೆಗೆದು, ನಾನು ಬಾಗಿಲು ತೆಗೆಯುವ ತನಕ ಒಳಗೆ ಬರುತ್ತಿರಲಿಲ್ಲ. ನಾನು ನನ್ನ ಬೆನ್ನಿಗೆ ನಾನೇ ನೀರು ಹಾಕಿಕೊಳ್ಳುತ್ತಿದ್ದೆ. ಕೈ ಹಿಂದಕ್ಕೆ ಎಟುಕದೆ ಅರ್ಧ ನೀರು ನೆಲದ ಪಾಲಾಗುತ್ತಿತ್ತು. ಅಪ್ಪನ ಮೇಲೆ ನನಗಿದ್ದದ್ದು ಬರೀ ಪ್ರೀತಿ. ಅತ್ತೆಯ ಮೇಲೆ ಇದ್ದದ್ದನ್ನು ಸಿಟ್ಟು ಎನ್ನಲಾರೆ. ಹಬ್ಬದ ದಿನ ನಾದಿನಿಯ ತುಂಬಿದ ಕೆನ್ನೆ ನೋಡಿದಾಗ ಒಳಗೆಲ್ಲೋ ಒಂದು ಕಡೆ ತಣ್ಣಗಾಗುತ್ತಿತ್ತು, ಅಷ್ಟೆ. ಅತ್ತೆಯೂ ನಾನೂ ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ.

ಈಗ ಅದೇ ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಲ್ಲಿ ಮಣೆ ಹಾಕಿ, "ಬಾ, ಕೂತ್ಕೋ" ಎಂದರು. ಎಪ್ಪತ್ತೈದು ದಾಟಿದ ಕೈ. ಮೊದಲ ಚೊಂಬು ಹೆಗಲ ಮೇಲೆ ಬಿದ್ದಾಗ ಸುಟ್ಟೇಹೋಯಿತು ಎಂದು ಕಿರುಚಿದೆ. ಎರಡನೆಯದಕ್ಕೆ ಉಸಿರು ಸಿಕ್ಕಿತು. ಆಮೇಲೆ ಎಷ್ಟು ಚೊಂಬು ಬಿತ್ತೋ ನೆನಪಿಲ್ಲ. ಅತ್ತೆ ಚೊಂಬನ್ನು ಎತ್ತರಕ್ಕೆ ಎತ್ತಿ, ನೀರು ಬೆನ್ನ ಮೇಲೆ ರಪ್ಪೆಂದು ಬೀಳುವಂತೆ ಹಾಕುತ್ತಿದ್ದರು. ಅಡಿಕೆ ಸಿಪ್ಪೆಯ ಹೊಗೆಯೂ ಹಬೆಯೂ ಸೇರಿ ಬಚ್ಚಲಲ್ಲಿ ಗೋಡೆಗಳೇ ಇಲ್ಲದಂತಾಯಿತು. ನನಗೆ ಎಷ್ಟು ವಯಸ್ಸು, ಇದು ಯಾವ ಊರು, ಹೊಟ್ಟೆಯಲ್ಲಿ ಇದ್ದದ್ದು ಏನು, ಹೋದದ್ದು ಏನು, ಒಂದೂ ತಿಳಿಯಲಿಲ್ಲ. ಅತ್ತೆ ಏನೋ ಗುನುಗುತ್ತಿದ್ದರು. ನಾನು ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದೆ.

ನೀರಾದ ಮೇಲೆ ಹಳೆಯ ನೂಲಿನ ಸೀರೆ ಹರಿದು ಹೊಟ್ಟೆಗೆ ಬಿಗಿಯಾಗಿ ಸುತ್ತಿದರು. ಕೋಣೆಯ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟು ಸಾಂಬ್ರಾಣಿ ಹಾಕಿದರು. ಬೆಳ್ಳುಳ್ಳಿ, ಮೆಣಸಿನ ಸಾರು, ತುಪ್ಪದನ್ನ. ಉಂಡವಳಿಗೆ ನಿದ್ದೆ ಬಂತು. ಅಂಥ ನಿದ್ದೆಯನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ನಿದ್ದೆಯಲ್ಲಿ ನಮ್ಮೂರ ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಅದು ಕೂಗುವುದು ನಿಂತು ಎಷ್ಟೋ ಕಾಲವಾಗಿದೆ, ಆದರೂ ಕೂಗುತ್ತಿತ್ತು. ರವೀಂದ್ರನಗರದ ಬೀದಿಯಲ್ಲಿ ಅಪ್ಪ ನಿಂತಿದ್ದರು. ಬಾಗಿಲ ಕೆಳಗಿನಿಂದ ಹಬೆ ಹೊರಗೆ ಹರಿದು ಅವರ ಕಾಲಿನ ತನಕ ಹೋಗುತ್ತಿತ್ತು. ಅವರು ಕೆಳಗೆ ನೋಡಿ ನಗುತ್ತಿದ್ದರು. ಅಪ್ಪ ತೀರಿಹೋದ ಮೇಲೆ ಕನಸಿನಲ್ಲಿ ನಗುತ್ತಾ ಬಂದದ್ದು ಅದೇ ಮೊದಲು.

ಹೀಗೆ ದಿನಾ ನಡೆಯಿತು. ಸಂಜೆ ಕೆಲಸದಿಂದ ಬಂದ ನನ್ನ ಗಂಡ ಹೊಗೆ ನೋಡಿ ಕೆಮ್ಮುತ್ತಾ, "ಅವ್ವಾ, ಡಾಕ್ಟ್ರು ಇದೆಲ್ಲ ಹೇಳಿದಾರಾ?" ಎಂದರೆ ಅತ್ತೆ, "ನಿನ್ನ ಹೆತ್ತಾಗ ಯಾವ ಡಾಕ್ಟ್ರನ್ನ ಕೇಳಿದ್ದೆ? ಹೋಗಿ ಕೈಕಾಲು ತೊಳ್ಕೋ" ಎನ್ನುತ್ತಿದ್ದರು. ನಾನು ಮಂಚದ ಮೇಲಿಂದ ನಗುತ್ತಿದ್ದೆ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ಆ ಎಳೆತವೂ ಹಿತವಾಗಿತ್ತು.

ಹಾಲಿನ ಪ್ಯಾಕೆಟ್ಟಿನ ಲೆಕ್ಕಾಚಾರದಲ್ಲಿ ಒಂದೇ ಒಂದು ತಪ್ಪಿತ್ತು. ಬೆನ್ನಿನಿಂದ ಇಳಿದ ನೀರು ಪ್ಲಾಸ್ಟರಿನ ಮೇಲಂಚಿನ ಸಂದಿನಲ್ಲಿ ಒಳಗೆ ಹೋಗುತ್ತಿತ್ತು. ಹೋದ ನೀರು ಹೊರಗೆ ಬರಲು ಪ್ಯಾಕೆಟ್ಟೇ ಬಿಡುತ್ತಿರಲಿಲ್ಲ. ಅದರ ಮೇಲೆ ಬಿಗಿಯಾಗಿ ಸೀರೆ, ಕೆಳಗಿನಿಂದ ಕೆಂಡದ ಕಾವು. ಒಂದು ಬೆಳಗ್ಗೆ ಎದ್ದಾಗ ನನಗೆ ನಡುಕ. ಅತ್ತೆ ಹಣೆ ಮುಟ್ಟಿ, "ಮೈ ಕಾದಿದೆ, ಒಳ್ಳೇದೇ" ಎಂದರು. ಮಧ್ಯಾಹ್ನದ ಹೊತ್ತಿಗೆ ಸೀರೆ ಬಿಚ್ಚಿದಾಗ ಪಟ್ಟಿ ಹಳದಿಯಾಗಿತ್ತು. ಅದರ ವಾಸನೆ ಸಾಂಬ್ರಾಣಿಯನ್ನೂ ಮೀರಿ ಬಂತು. ಅತ್ತೆ ಮೂಗು ಮುಚ್ಚಿಕೊಳ್ಳಲಿಲ್ಲ. ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ನಿಂತರು.

ಶಿವಮೊಗ್ಗದ ದಾರಿಯಲ್ಲಿ ಕಾರಿನ ಕಿಟಕಿಯ ಹೊರಗಿನ ಮರಗಳೆಲ್ಲ ನೀರಿನೊಳಗೆ ನಿಂತ ಹಾಗೆ ಕಂಡವು. ಜ್ವರದಲ್ಲಿ ನನಗೆ ಭಯವೂ ಸರಿಯಾಗಿ ಆಗಲಿಲ್ಲ. ಡಾಕ್ಟರಮ್ಮ ಗಾಯ ನೋಡಿದರು. ಅವರು ನನಗಿಂತ ಚಿಕ್ಕವರು, ಮಾತು ಕಡಿಮೆ. ಎರಡು ಹೊಲಿಗೆ ಬಿಚ್ಚಿ ಅಂಚನ್ನು ಮೆಲ್ಲಗೆ ಒತ್ತಿದಾಗ ಒಳಗಿದ್ದದ್ದೆಲ್ಲ ಹೊರಗೆ ಬಂತು. ಗಾಯ ತಾನಾಗಿ ಬಾಯಿ ಬಿಟ್ಟಿತು.

"ನೀರು ತಾಗಿಸ್ಬೇಡಿ ಅಂತ ಹೇಳಿದ್ನಲ್ಲ ಟೀಚರ್?"

ನಾನು ಬಾಯಿ ತೆರೆಯುವ ಮೊದಲೇ ಪರದೆಯ ಆಚೆಯಿಂದ ಅತ್ತೆ ಒಳಗೆ ಬಂದರು. "ಅವಳನ್ನ ಬೈಬೇಡಿ ಅಮ್ಮಾ. ನೀರು ಹಾಕಿದ್ದು ನಾನು, ಕಟ್ಟಿದ್ದು ನಾನು, ಕೆಂಡ ಇಟ್ಟಿದ್ದೂ ನಾನು" ಎಂದು, ಮಡಿಸಿ ತಂದಿದ್ದ ಹಾಲಿನ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಪ್ಯಾಕೆಟ್ಟನ್ನೂ ಅವರನ್ನೂ ನೋಡಿದರು. ಅತ್ತೆಯನ್ನು ಬೈದರೆ ಸುಲಭವಾಗುತ್ತಿತ್ತೇನೋ. ಅವರು ಬೈಯಲಿಲ್ಲ.

"ಅಜ್ಜಿ, ಇದರಿಂದ್ಲೇ ಆಯ್ತು ಅಂತ ನಾನು ಹೇಳಕ್ಕಾಗಲ್ಲ. ಹೊಟ್ಟೇಲಿ ಕೊಬ್ಬಿದ್ರೆ ಒಳಗೆ ನೀರು ಕೂತು ಹೀಗಾಗೋದುಂಟು. ಆದ್ರೆ ಇದರಿಂದ ಒಳ್ಳೇದಂತೂ ಆಗ್ಲಿಲ್ಲ. ಒಳಗಿನ ಗಟ್ಟಿ ಪದರ ಬಿಟ್ಟಿಲ್ಲ, ಅದು ಪುಣ್ಯ. ಮೊದಲು ಗಾಯ ಶುದ್ಧ ಆಗ್ಲಿ, ಆಮೇಲೆ ಮತ್ತೆ ಹೊಲಿತೀನಿ."

ಅತ್ತೆಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು, ಒಳ್ಳೇದಂತೂ ಆಗ್ಲಿಲ್ಲ ಎಂಬುದು. ಹೊರಗೆ ನನ್ನ ಗಂಡ ತಾಯಿಯ ಮೇಲೆ ರೇಗಾಡಿದ್ದು ನನಗೂ ಕೇಳಿಸಿತು. "ನಿನ್ನ ಬಾಣಂತನ ಸಾಕು ಮಾಡವ್ವಾ, ಅವಳ ಜೀವ ತೆಗಿಬೇಡ" ಎಂದುಬಿಟ್ಟರು. ಅವರಿಗೆ ಭಯವಾಗಿತ್ತು, ಭಯವಾದ ಗಂಡಸರು ಹಾಗೆಯೇ ಮಾತಾಡುತ್ತಾರೆ. ಮಂಚದ ಮೇಲಿಂದ ನಾನು ಕೂಗಿದೆ, ಆದರೆ ನನ್ನ ದನಿ ಪರದೆಯನ್ನೂ ದಾಟಲಿಲ್ಲ. ಅತ್ತೆ ಒಳಗೆ ಬಂದು ನನ್ನ ಕಾಲ ಬಳಿ ನಿಂತರು. ಕಾಲು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಅಲ್ಲಿಂದಲೇ ಬಸ್ಸು ಹತ್ತಿ ಹೊಳಲೂರಿನ ಮಗಳ ಮನೆಗೆ ಹೋದರು ಎಂದು ಆಮೇಲೆ ತಿಳಿಯಿತು.

ಮತ್ತೆ ಆಸ್ಪತ್ರೆಯಲ್ಲಿ ಮಲಗಿದೆ. ತೆರೆದ ಗಾಯವನ್ನು ಸುಮ್ಮನೆ ಹೊಲಿಯುವಂತಿಲ್ಲ, ಒಳಗೆ ಕೊಳೆ ಉಳಿದರೆ ಮತ್ತೆ ಒಡೆಯುತ್ತದೆ. ದಿನಾ ಬೆಳಗ್ಗೆ ನರ್ಸು ಬಂದು ಉಪ್ಪುನೀರಿನಲ್ಲಿ ತೊಳೆದು, ಒದ್ದೆ ಗಾಜ್ ಬಟ್ಟೆಯನ್ನು ಗಾಯದೊಳಗೆ ತುಂಬಿ, ಮೇಲೆ ಒಣ ಪಟ್ಟಿ ಹಾಕುತ್ತಿದ್ದಳು. ಹಿಂದಿನ ದಿನದ ಗಾಜ್ ಎಳೆದು ತೆಗೆಯುವಾಗ ನಾನು ನರ್ಸಿಗೆ ಬೈದ ಬೈಗುಳವನ್ನು ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಬಹಳ ಸಂತೋಷಪಡುತ್ತಿದ್ದರು. ಅವಳು, "ಬೈರಿ ಟೀಚರ್, ಬೈದ್ರೆ ನೋವು ಕಡಿಮೆ ಆಗುತ್ತೆ" ಎನ್ನುತ್ತಿದ್ದಳು. ಒಮ್ಮೆ ಕನ್ನಡಿ ತರಿಸಿ ನೋಡಿದೆ. ನನ್ನದೇ ಹೊಟ್ಟೆಯಲ್ಲಿ ಒಂದು ಬಾಯಿ, ಒಳಗೆಲ್ಲ ಕೆಂಪು. ಪಾಠ ಮಾಡುವವಳಿಗೆ ಕುತೂಹಲವೇ ಹೆಚ್ಚಾಯಿತು. ಕೆಂಪಿದ್ದರೆ ಒಳ್ಳೆಯದು, ಹೊಸ ಮಾಂಸ ಬರುತ್ತಿದೆ ಎಂದು ಡಾಕ್ಟರಮ್ಮ ಹೇಳಿದರು.

ಹಗಲೆಲ್ಲ ಅರ್ಧ ನಿದ್ದೆ. ಗ್ಲೂಕೋಸ್ ಬಾಟಲಿಯ ಹನಿ, ಕಾರಿಡಾರಿನಲ್ಲಿ ಟ್ರಾಲಿಯ ಗಾಲಿ, ಪಕ್ಕದ ಕೋಣೆಯಲ್ಲಿ ಆಗತಾನೆ ಹುಟ್ಟಿದ ಕೂಸಿನ ಅಳು. ಆ ಕೂಸು ಅತ್ತಾಗಲೆಲ್ಲ ನನ್ನ ಎದೆ ಒಂದು ಕ್ಷಣ ಬಿಗಿಯುತ್ತಿತ್ತು, ಹಾಲೇ ಇಳಿದುಬಿಡುತ್ತದೆ ಎನ್ನುವ ಹಾಗೆ. ಮೈಗೆ ಎಲ್ಲ ನೆನಪಿರುತ್ತದೆ, ತಾರೀಖು ಒಂದು ಬಿಟ್ಟು. ಕಣ್ಣು ಮುಚ್ಚಿದರೆ ಹಬೆ ಬರುತ್ತಿತ್ತು, ಚೊಂಬು ಎತ್ತಿದ ಕೈ ಬರುತ್ತಿತ್ತು. ನೀರು ಬೀಳುವ ಮೊದಲೇ ಎಚ್ಚರವಾಗುತ್ತಿತ್ತು. ಬೆನ್ನು ತಣ್ಣಗಿರುತ್ತಿತ್ತು.

ಹೊಳಲೂರಿಗೆ ಫೋನ್ ಮಾಡಿದರೆ ನಾದಿನಿಯೇ ಎತ್ತುತ್ತಿದ್ದಳು. "ಅವ್ವ ಬರಲ್ಲ ಅಂತಾಳೆ ಅತ್ತಿಗೆ. ತನ್ನ ಕೈಯೇ ಸರಿಯಿಲ್ಲ ಅಂತಾಳೆ. ನನ್ನ ಮಕ್ಕಳ ತಲೆಗೂ ಎಣ್ಣೆ ಹಚ್ಚಲ್ಲ ಈಗ" ಎಂದಳು. ಅದನ್ನು ಕೇಳಿ ನನಗೆ ಗಾಯದ ಚಿಂತೆ ಹಿಂದಾಯಿತು. ಗಾಯವನ್ನು ಡಾಕ್ಟರಮ್ಮ ಹೊಲಿಯುತ್ತಾರೆ, ಅದು ಇವತ್ತಲ್ಲ ನಾಳೆ ಮುಚ್ಚುತ್ತದೆ. ಆ ಕೈ ಮತ್ತೆ ಚೊಂಬು ಹಿಡಿಯದಿದ್ದರೆ ಏನು ಮಾಡಲಿ? ಅಷ್ಟು ವರ್ಷ ಕಾದು ಸಿಕ್ಕಿದ್ದು ನಾಲ್ಕು ದಿನಕ್ಕೇ ಮುಗಿದುಹೋಯಿತೇ ಎಂದು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ಗರ್ಭಕೋಶಕ್ಕಾಗಿ ಬಾರದ ಅಳು ಆಗ ಬಂತು.

ಗಾಯ ಶುದ್ಧವಾಯಿತು ಎಂದಾದ ಮೇಲೆ ಮತ್ತೆ ಥಿಯೇಟರಿಗೆ ಕರೆದುಕೊಂಡು ಹೋದರು. ಬೆನ್ನುಮೂಳೆಗೆ ಸೂಜಿ ಚುಚ್ಚಿದರು. ಮೊದಲು ಕಾಲು ಜುಮ್ಮೆಂದಿತು, ಆಮೇಲೆ ಕಾಲೇ ಇಲ್ಲ, ಸೊಂಟದಿಂದ ಕೆಳಗೆ ನಾನೇ ಇಲ್ಲ. ಮೇಲೆ ದೊಡ್ಡ ದೀಪ. ಎದೆಯ ಮುಂದೆ ಹಸಿರು ಬಟ್ಟೆಯ ತೆರೆ. ತೆರೆಯಾಚೆ ಡಾಕ್ಟರಮ್ಮ ಗಾಯದ ಅಂಚನ್ನು ಸಣ್ಣಗೆ ಕತ್ತರಿಸುತ್ತಾ, ಮಿಡಿಗಾಯಿ ಉಪ್ಪಿನಕಾಯಿಗೆ ಈ ಸಲ ಒಳ್ಳೆಯ ಮಿಡಿ ಸಿಗಲಿಲ್ಲ ಎಂದು ಯಾರಿಗೋ ಹೇಳುತ್ತಿದ್ದರು. ಹಳೆಯ ಅಂಚು ಅಂಟುವುದಿಲ್ಲ, ಹಸಿ ಮಾಡಿದರೆ ಮಾತ್ರ ಅಂಟುತ್ತದೆ ಎಂದು ಹಿಂದಿನ ದಿನ ನನಗೆ ವಿವರಿಸಿದ್ದರು. ಔಷಧಿಯ ಮಂಪರಿನಲ್ಲಿ ದೀಪ ದೊಡ್ಡದಾಗುತ್ತಾ ಹೋಯಿತು. ಆಗ ನೀರಿನ ಸದ್ದು ಕೇಳಿಸಿತು. ಗಾಯ ತೊಳೆಯಲು ಸಲೈನ್ ಹಾಕುತ್ತಿದ್ದಿರಬೇಕು. ನಾನು ಮಾತ್ರ ಮಣೆಯ ಮೇಲೆ ಕೂತಿದ್ದೆ. ಹೊಗೆಯಿತ್ತು. ಹಿಂದೆ ಯಾರೋ ಚೊಂಬೆತ್ತಿ ನಿಂತಿದ್ದರು. ನೀರು ಬೀಳುತ್ತಿತ್ತು, ಬೆನ್ನಿಗೆ ತಾಗುತ್ತಿರಲಿಲ್ಲ. ಆಗ ನಾನು ಏನೋ ಅಂದೆ, ತೆರೆಯಾಚೆ ಎಲ್ಲರೂ ನಕ್ಕರು. ಏನಂದೆ ಎಂಬುದು ಮರೆತೇಹೋಯಿತು.

ಈ ಸಲದ ಹೊಲಿಗೆ ದಪ್ಪ ದಾರದ್ದು, ಒಂದೊಂದೂ ದೂರ ದೂರ, ಚರ್ಮ ಸೀಳದಿರಲಿ ಎಂದು ದಾರಕ್ಕೆ ರಬ್ಬರಿನ ಸಣ್ಣ ಕೊಳವೆ ತೊಡಿಸಿದ್ದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಗಾಯ ಕೂಡ್ಬೇಕಾದ್ರೆ ಮೈಯಲ್ಲಿ ಸತ್ವ ಬೇಕು, ದಿನಾ ಮೊಟ್ಟೆ ತಿನ್ನಿ" ಎಂದರು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ಹೆಸರೂ ಅಡುಗೆಮನೆಯಲ್ಲಿ ಎತ್ತುವುದಿಲ್ಲ. ಪಕ್ಕದ ಮನೆಯ ಬೂಬಮ್ಮ, ಗ್ಯಾರೇಜಿನ ಮೆಕ್ಯಾನಿಕ್‌ನ ಹೆಂಡತಿ, ವಿಷಯ ಕೇಳಿ, "ಅಯ್ಯೋ, ಇದಕ್ಯಾಕೆ ಯೋಚ್ನೆ ಟೀಚರಮ್ಮ, ನಾನು ಬೇಯಿಸಿ ಕೊಡ್ತೀನಿ. ಕಾಂಪೌಂಡ್ ಮೇಲೆ ಇಡ್ತೀನಿ, ನಿಮ್ಮೋರು ತಗೊಳ್ಳಲಿ" ಎಂದಳು. ನನ್ನ ಗಂಡ ದಿನಾ ಸಂಜೆ ಕಳ್ಳನ ಹಾಗೆ ಟವೆಲಿನಲ್ಲಿ ಮುಚ್ಚಿ ಮೊಟ್ಟೆ ತರುತ್ತಿದ್ದರು. ನಾನು ಹಿತ್ತಲಿನಲ್ಲಿ ನಿಂತು ತಿನ್ನುತ್ತಿದ್ದೆ.

ನನ್ನ ಗಂಡನಿಗೆ ತಾನಾಡಿದ ಮಾತು ಚುಚ್ಚುತ್ತಲೇ ಇತ್ತು. ಒಂದು ಭಾನುವಾರ ಹೇಳದೆ ಕೇಳದೆ ಬೈಕು ಹತ್ತಿ ಹೊಳಲೂರಿಗೆ ಹೋಗಿ ತಾಯಿಯನ್ನು ಕರೆತಂದರು. ಅತ್ತೆ ಬಂದವರು ನನ್ನ ಕೋಣೆಯ ಹೊಸ್ತಿಲಲ್ಲೇ ನಿಂತರು.

"ಹೇಗಿದೀಯೇ?"

"ಬದುಕಿದೀನಿ ಅತ್ತೆ, ಒಳಗೆ ಬನ್ನಿ."

"ಇರ್ಲಿ, ಇಲ್ಲೇ ಇರ್ತೀನಿ" ಎಂದರು. ಹೊಸ್ತಿಲು ದಾಟಲಿಲ್ಲ.

ಮನೆಗೆಲಸ ಎಲ್ಲ ಮಾಡಿದರು, ನನ್ನನ್ನು ಮಾತ್ರ ಮುಟ್ಟಲಿಲ್ಲ. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದರು. ನಾನು ಏಳಲು ತಡಕಾಡಿದರೆ ಮಗನನ್ನು ಕೂಗುತ್ತಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಟವೆಲಿನ ಗುಟ್ಟು ಬಯಲಾಯಿತು. ನಾನು ಬೈಗುಳಕ್ಕೆ ತಯಾರಾಗಿ ಕೂತೆ. ಅತ್ತೆ ಟವೆಲ್ ಮಡಿಸಿಟ್ಟು ಅಡುಗೆಮನೆಗೆ ಹೋದರು. ಮಾರನೆಯ ದಿನ ಹಿತ್ತಲಿಗೆ ಹೋಗಿ ನೋಡುತ್ತೇನೆ, ಹಂಡೆ ಒಲೆಯ ಮೂಲೆಯಲ್ಲಿ ಸಣ್ಣ ಬೆಂಕಿ. ಅದರ ಮೇಲೆ ಒಂದು ಹಳೆಯ ಸ್ಟೀಲ್ ಪಾತ್ರೆ, ನೀರಿನಲ್ಲಿ ಮೊಟ್ಟೆ ಕುದಿಯುತ್ತಿದೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿ, ಮುಖ ಬೇಲಿಯ ಕಡೆ ತಿರುಗಿಸಿ ಕೂತಿದ್ದಾರೆ.

"ಏನು ಮಾಡ್ತಿದೀರಿ ಅತ್ತೆ?"

"ಅವಳು ಪಾಪ ದಿನಾ ಬೇಯಿಸ್ಬೇಕಾ? ಅವಳಿಗೂ ಕೆಲಸ ಇರುತ್ತೆ. ಎಷ್ಟೊತ್ತು ಬೇಯುತ್ತೆ ಇದು? ಆಲೂಗಡ್ಡೆಯಷ್ಟಾ?"

ನಗು ತಡೆಯಲು ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಅವರ ಮನೆತನದಲ್ಲಿ ಯಾರೂ ಮುಟ್ಟದ್ದನ್ನು ಅವರು ನನಗಾಗಿ ಬೇಯಿಸಿದರು. ಸಿಪ್ಪೆಯನ್ನೂ ಬಿಡಿಸಿಕೊಟ್ಟರು, ಕಣ್ಣು ಮುಚ್ಚಿಕೊಂಡು. ತಟ್ಟೆ ಕೊಡುವಾಗ ಮಾತ್ರ ತಮ್ಮ ಬೆರಳು ನನ್ನ ಬೆರಳಿಗೆ ತಾಗದಂತೆ ಹಿಡಿದರು. ಮೊಟ್ಟೆ ಮುಟ್ಟಬಹುದು, ನಾನು ಬೇಡ. ನನಗೆ ಅಳಬೇಕೋ ರೇಗಬೇಕೋ ತಿಳಿಯಲಿಲ್ಲ. ಮೊಟ್ಟೆ ತಿಂದು ಒಳಗೆ ಹೋಗಿ ಮಲಗಿದೆ.

ಹೊಲಿಗೆ ಬಿಚ್ಚಿಸುವ ದಿನ, ನೀವೂ ಬರಬೇಕು ಎಂದು ಹಟ ಹಿಡಿದು ಅತ್ತೆಯನ್ನು ಕಾರಿಗೆ ಹತ್ತಿಸಿದೆ. ಆಸ್ಪತ್ರೆಯಲ್ಲಿ ಅವರು ಗೋಡೆಗೊರಗಿ ನಿಂತರು. ಡಾಕ್ಟರಮ್ಮ ಒಂದೊಂದೇ ದಾರ ಕತ್ತರಿಸಿ ಎಳೆದರು. ಗಾಯ ಕೂಡಿತ್ತು. ಮೊದಲಿನಷ್ಟು ಚಂದವಿಲ್ಲ, ನಡುವೆ ಸ್ವಲ್ಪ ಗುಂಡಿ ಬಿದ್ದು ಸೊಟ್ಟಗಾಗಿದೆ, ಆದರೆ ಕೂಡಿತ್ತು. ಡಾಕ್ಟರಮ್ಮ ಬೆರಳಿನಿಂದ ಉದ್ದಕ್ಕೂ ಒತ್ತಿ ನೋಡಿ ಕೈಗವಸು ತೆಗೆದರು.

"ಇನ್ನು ಭಯ ಇಲ್ಲ. ಎರಡು ದಿನ ಬಿಟ್ಟು ಆರಾಮಾಗಿ ಸ್ನಾನ ಮಾಡಿ. ಭಾರ ಮಾತ್ರ ಎತ್ತಬೇಡಿ."

ಆಮೇಲೆ ಗೋಡೆಯ ಕಡೆ ತಿರುಗಿ, "ಅಜ್ಜಿ, ನಿಮಗೊಂದು ವಿಷಯ ಗೊತ್ತಾ? ಅವತ್ತು ಟೇಬಲ್ ಮೇಲೆ ನಾನು ಗಾಯ ತೊಳೀತಾ ಇದ್ರೆ ನಿಮ್ಮ ಸೊಸೆ ಏನಂದ್ರು ಹೇಳ್ಲಾ? 'ಬಿಸಿ ಸಾಲದು ಅತ್ತೆ, ಇನ್ನೊಂದು ಚೊಂಬು ಹಾಕಿ' ಅಂದ್ರು. ನಮ್ಮ ಸಿಸ್ಟರ್‌ಗಳು ಇವತ್ತಿಗೂ ಹೇಳ್ಕೊಂಡು ನಗ್ತಾರೆ" ಎಂದರು.

ಅತ್ತೆ ನಗಲಿಲ್ಲ. ನನ್ನ ಮುಖ ನೋಡಿದರು. ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ ಬಗ್ಗಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಸೇತುವೆಯ ಮೇಲೆ ಕಾರು ನಿಧಾನವಾದಾಗ ಕೆಳಗೆ ಹೊಳೆ ಬಿಸಿಲಿಗೆ ಹೊಳೆಯುತ್ತಿತ್ತು.

ಎರಡು ದಿನ ಕಳೆಯಿತು. ಬೆಳಗ್ಗೆ ನನಗೆ ಎಚ್ಚರವಾದದ್ದು ಹೊಗೆಯ ವಾಸನೆಗೆ. ಕನಸೇ ಎಂದುಕೊಂಡು ಮಗ್ಗುಲಾದೆ. ಹೊಗೆ ಹೋಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಮಣೆ ಹಾಕಿತ್ತು. ಅತ್ತೆ ಸೆರಗು ಸಿಕ್ಕಿಸಿ, ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ಅದ್ದಿ ನೋಡುತ್ತಿದ್ದರು. ತಣ್ಣೀರು ಬೆರೆಸಿದರು, ಮತ್ತೆ ಅದ್ದಿದರು, ಮತ್ತೆ ತಣ್ಣೀರು ಬೆರೆಸಿದರು. ನಾನು ಹೋಗಿ ಅವರಿಗೆ ಬೆನ್ನು ಮಾಡಿ ಕೂತೆ.

ಹಿಂದೆ ಚೊಂಬು ಬಕೆಟ್ಟಿಗೆ ಇಳಿದ ಸದ್ದಾಯಿತು. ಆಮೇಲೆ ಒಂದು ಕೈ ನನ್ನ ಹೆಗಲ ಮೇಲೆ ಬಂತು. ಇನ್ನೊಂದು ಕೈ ಚೊಂಬನ್ನು ಎತ್ತರಕ್ಕೆ ಎತ್ತದೆ, ಕೂಸಿಗೆ ಹಾಕುವ ಹಾಗೆ, ಕುತ್ತಿಗೆಯ ಹತ್ತಿರವೇ ಹಿಡಿದು ನೀರು ಬಿಟ್ಟಿತು. ನೀರು ಉಗುರುಬೆಚ್ಚಗೂ ಇರಲಿಲ್ಲ.

"ಆ ಸಲ ಇಬ್ಬರನ್ನೂ ಇಲ್ಲೇ ಇಟ್ಕೋಬಹುದಿತ್ತು ಮಾರಾಯ್ತಿ" ಎಂದರು ಅತ್ತೆ ಹಿಂದಿನಿಂದ. "ಏನೂ ಆಗ್ತಿರ್ಲಿಲ್ಲ. ಸುಮ್ನೆ ಹೆದರ್ಕೊಂಡೆ."

ಹಂಡೆಯಲ್ಲಿ ನೀರು ಕುದಿಯುವ ಸದ್ದು ಕೇಳುತ್ತಿತ್ತು. ನನ್ನ ಮುಖದ ಮೇಲೆ ಇಳಿಯುತ್ತಿದ್ದದ್ದು ಅಳು ಎಂದು ಅವರಿಗೆ ಕಾಣುವಂತಿರಲಿಲ್ಲ.

"ಬಿಸಿ ಸಾಲದು ಅತ್ತೆ" ಎಂದೆ. "ಇನ್ನೊಂದು ಚೊಂಬು ಹಾಕಿ."

ಅತ್ತೆ ಎದ್ದು ಹಂಡೆಯ ಮುಚ್ಚಳ ತೆಗೆದರು.